ಕನ್ನಡ ಕವಿತೆಗಳ ಚಿಕ್ಕ ಪುಸ್ತಕವೊಂದನ್ನು ಅಂದವಾಗಿ ಅಚ್ಚು ಮಾಡಿಸುವುದು ಹೇಗೆ?

ಸ್ವಂತ ಕವಿತೆಗಳನ್ನೋ, ಮನೆಯ ಹಿರಿಯರು ಹಾಡುತ್ತಿದ್ದ ಪದಗಳನ್ನೋ, ಮೆಚ್ಚಿದ ಹಳೆಯ ಕವಿಯ ಆಯ್ದ ಪದ್ಯಗಳನ್ನೋ ನೂರಿನ್ನೂರು ಪ್ರತಿಗಳ ಪುಸ್ತಕವಾಗಿ, ಕೈಗೆತ್ತಿಕೊಂಡವರಿಗೆ ಸಂತೋಷವಾಗುವಂತೆ ಅಚ್ಚು ಮಾಡಿಸಬೇಕಾದರೆ ಎಲ್ಲಿಂದ ಆರಂಭಿಸಬೇಕು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಹಾಗೆ ಕೇಳುವ ಬಹುತೇಕರ ಮೊದಲ ಪ್ರಶ್ನೆ ಮುಖಪುಟದ ಚಿತ್ರದ ಬಗ್ಗೆ ಇರುತ್ತದೆ. ಎರಡನೆಯದು ಹೊಳಪಿನ ಲ್ಯಾಮಿನೇಶನ್ ಬಗ್ಗೆ. ಇವೆರಡನ್ನೂ ಸದ್ಯಕ್ಕೆ ಬದಿಗಿಡಿ. ಪುಸ್ತಕದ ಅಂದವು ಒಳಪುಟದ ಅಕ್ಷರ, ಸಾಲುಗಳ ನಡುವಿನ ಬಿಡುವು, ಕಾಗದ ಮತ್ತು ಹೊಲಿಗೆ ಈ ನಾಲ್ಕರಲ್ಲಿ ನಿರ್ಧಾರವಾಗುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದಲೂ ಗುಣಿತಚಿಹ್ನೆಗಳು ಮೇಲಕ್ಕೂ ಬಲಕ್ಕೂ ಚಾಚುವುದರಿಂದಲೂ ಇಂಗ್ಲಿಷ್ ಪುಸ್ತಕಗಳಿಗೆಂದು ಬರೆದ ಸೂತ್ರಗಳನ್ನು ಇಲ್ಲಿಗೆ ಹಾಗೆಯೇ ತರಲು ಬರುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಉದಾಹರಣೆಗಾಗಿ 64 ಪುಟಗಳ ಒಂದು ಕನ್ನಡ ಕವನ ಪುಸ್ತಕವನ್ನೇ ಇಟ್ಟುಕೊಂಡು ಹಂತ ಹಂತವಾಗಿ ಹೇಳುತ್ತೇನೆ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಒಂದು ಕಂಪ್ಯೂಟರ್, ಪುಟವಿನ್ಯಾಸದ ತಂತ್ರಾಂಶ, ಸಾಮಾನ್ಯ ಲೇಸರ್ ಪ್ರಿಂಟರ್, ಮಿಲಿಮೀಟರ್ ಗುರುತಿರುವ ಉಕ್ಕಿನ ಅಳತೆಪಟ್ಟಿ, ಚೂಪಾದ ಕಟ್ಟರ್, ದಪ್ಪ ಸೂಜಿ, ಹತ್ತಿಯ ಅಥವಾ ಲಿನನ್ನಿನ ದಾರ ಇದ್ದರೆ ಸಾಕು. ಪುಟವಿನ್ಯಾಸಕ್ಕೆ ಇನ್‌ಡಿಸೈನ್ ಬಳಸುವವರು ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆಯ್ದುಕೊಳ್ಳಲೇಬೇಕು. ಇಲ್ಲವಾದರೆ ಒತ್ತಕ್ಷರಗಳು ಕಳಚಿಕೊಂಡು ಬೀಳುತ್ತವೆ. ಹಣ ಕೊಟ್ಟು ತಂತ್ರಾಂಶ ಕೊಳ್ಳಲಾಗದವರಿಗೆ ಸ್ಕ್ರೈಬಸ್ 1.6 ಉಚಿತವಾಗಿ ಸಿಗುತ್ತದೆ, ಅದರಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ.

1. ಪಠ್ಯವನ್ನು ಮೊದಲು ಗಟ್ಟಿ ಮಾಡಿಕೊಳ್ಳಿ

ಬೇರೆಯವರ ಕವಿತೆಗಳಾದರೆ ಹಕ್ಕುಸ್ವಾಮ್ಯದ ವಿಷಯವನ್ನು ಮೊದಲ ದಿನವೇ ತೀರ್ಮಾನಿಸಿ. ಭಾರತದ ಕಾಯ್ದೆಯಂತೆ ಲೇಖಕರು ತೀರಿಕೊಂಡ ವರ್ಷದ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ ಹಕ್ಕು ಉಳಿದಿರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರು, 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕವಿತೆಗಳನ್ನು ಈಗ ಯಾರು ಬೇಕಾದರೂ ಅಚ್ಚು ಮಾಡಬಹುದು. ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೆ, ಕುವೆಂಪು ಅವರ ಕವಿತೆಗಳಿಗೆ 2054ರ ಕೊನೆಯವರೆಗೆ ಹಕ್ಕುದಾರರ ಲಿಖಿತ ಅನುಮತಿ ಬೇಕು. ಲೇಖಕರು ತೀರಿಕೊಂಡ ಮೇಲೆ ಮೊದಲ ಬಾರಿ ಪ್ರಕಟವಾದ ಬರಹಗಳಿಗೆ ಲೆಕ್ಕವು ಪ್ರಕಟಣೆಯ ವರ್ಷದಿಂದ ಆರಂಭವಾಗುತ್ತದೆ ಎಂಬುದನ್ನೂ ಮರೆಯಬೇಡಿ. ವಚನಗಳಂಥ ಪ್ರಾಚೀನ ಸಾಹಿತ್ಯದ ಮೂಲಪಠ್ಯಕ್ಕೆ ಯಾರ ಒಡೆತನವೂ ಇಲ್ಲವಾದರೂ, ಇತ್ತೀಚಿನ ಸಂಪಾದಕರು ಬರೆದ ಪೀಠಿಕೆ ಮತ್ತು ಟಿಪ್ಪಣಿಗಳು ಅವರ ಸ್ವತ್ತೇ ಆಗಿರುತ್ತವೆ.

ಅನಂತರ ಪಠ್ಯ ಯಾವ ಸಂಕೇತದಲ್ಲಿದೆ ಎಂದು ನೋಡಿ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತವೆ. ಫಾಂಟ್ ಬದಲಿಸಿದ ಕೂಡಲೇ ಎಲ್ಲವೂ ಅರ್ಥವಿಲ್ಲದ ಗುರುತುಗಳಾಗುತ್ತವೆ. ಯೂನಿಕೋಡ್ ಎಂದರೆ ಪ್ರತಿ ಅಕ್ಷರಕ್ಕೂ ಜಗತ್ತಿನೆಲ್ಲೆಡೆ ಒಂದೇ ಸಂಖ್ಯೆಯನ್ನು ನಿಗದಿ ಮಾಡಿರುವ ವ್ಯವಸ್ಥೆ. ನಿಮ್ಮ ಪಠ್ಯ ಹಳೆಯ ಕಡತದಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆ ಮೇಲೆ ಮೂಲದೊಡನೆ ಇಟ್ಟು ಪದಪದವನ್ನೂ ಓದಿ. ಪರಿವರ್ತನೆಯಲ್ಲಿ ತಪ್ಪುಗಳು ಹೆಚ್ಚಾಗಿ ಅಡಗುವುದು ಅರ್ಕಾವತ್ತಿನಲ್ಲಿ (‘ರ್ಯ’ ಎಂಬಲ್ಲಿ ಪಕ್ಕಕ್ಕೆ ಬರುವ ರಕಾರದ ಗುರುತು), ಎರಡು ಒತ್ತುಗಳಿರುವ ‘ಷ್ಟ್ರ’, ‘ಸ್ತ್ರ’ಗಳಲ್ಲಿ ಮತ್ತು ದೀರ್ಘದ ಚಿಹ್ನೆಯಲ್ಲಿ. ಕೆಲವು ಕವಿಗಳು ‘ಸೂರ್ಯ’ ಎಂದು ಬರೆಯುತ್ತಾರೆ, ಕೆಲವರು ರಕಾರವನ್ನು ಇಡಿಯಾಗಿ ನಿಲ್ಲಿಸಿ ‘ಸೂರ‍್ಯ’ ಎಂದು ಬರೆಯುತ್ತಾರೆ. ಇದು ಕವಿಯ ಆಯ್ಕೆ. ಪರಿವರ್ತಕ ತಂತ್ರಾಂಶವೋ ವಿನ್ಯಾಸಕಾರರೋ ಅದನ್ನು ತಮ್ಮಷ್ಟಕ್ಕೆ ಬದಲಿಸಬಾರದು.

2. ಗಟ್ಟಿಯಾಗಿ ಓದಿ, ಉಸಿರನ್ನು ಗುರುತಿಸಿ

ಕಂಪ್ಯೂಟರಿನ ಮುಂದೆ ಕೂರುವ ಮೊದಲು ಎಲ್ಲ ಕವಿತೆಗಳನ್ನೂ ಕಾಗದದ ಮೇಲೆ ತೆಗೆದುಕೊಂಡು ಗಟ್ಟಿಯಾಗಿ ಓದಿ. ಎಲ್ಲಿ ಉಸಿರು ನಿಲ್ಲುತ್ತದೆ, ಯಾವ ಸಾಲು ಮರಳಿ ಮರಳಿ ಬರುತ್ತದೆ, ಎಲ್ಲಿ ದನಿ ಇಳಿಯುತ್ತದೆ, ಎಲ್ಲಿ ಇನ್ನೊಬ್ಬರ ಮಾತು ಆರಂಭವಾಗುತ್ತದೆ ಎಂಬುದನ್ನು ಪೆನ್ಸಿಲಿನಿಂದ ಗುರುತು ಮಾಡಿ. ಮುಂದೆ ಅಕ್ಷರದ ಗಾತ್ರ, ಸ್ಥಾನ, ಬಣ್ಣಗಳ ಬಗ್ಗೆ ನೀವು ತೆಗೆದುಕೊಳ್ಳುವ ಪ್ರತಿ ತೀರ್ಮಾನಕ್ಕೂ ಈ ಗುರುತುಗಳೇ ಆಧಾರ. ಗುರುತಿಲ್ಲದ ಕಡೆ ಅಲಂಕಾರವೂ ಬೇಡ.

ವಚನಗಳನ್ನು ಅಚ್ಚು ಮಾಡುವವರಿಗೆ ಇಲ್ಲಿ ವಿಶೇಷ ಹೊಣೆಯಿದೆ. ಓಲೆಗರಿಯಲ್ಲಿ ಬರಹವು ಸಾಲು ಮುರಿಯದೆ, ಪದಗಳ ನಡುವೆ ಬಿಡುವೂ ಇಲ್ಲದೆ ಗರಿಯ ಉದ್ದಕ್ಕೂ ಸಾಗುತ್ತದೆ. ಇಂದು ನಾವು ಪುಸ್ತಕಗಳಲ್ಲಿ ನೋಡುವ ಸಾಲುಗಳೆಲ್ಲ ಸಂಪಾದಕರು ಮುರಿದು ಕೊಟ್ಟವು. ಆದ್ದರಿಂದ ವಚನದ ಸಾಲನ್ನು ಎಲ್ಲಿ ಮುರಿಯುತ್ತೀರಿ ಎಂಬುದೇ ಒಂದು ವ್ಯಾಖ್ಯಾನವಾಗುತ್ತದೆ. ಪುಟದ ಅಗಲ ಸಾಲದೆಂದು ಎಲ್ಲೆಂದರಲ್ಲಿ ಮುರಿಯುವುದು ಆ ಮಾತಿಗೆ ಮಾಡುವ ಅನ್ಯಾಯ.

3. ಆಕಾರ ಮತ್ತು ಕಾಗದ

ಕನ್ನಡ ಪುಸ್ತಕಗಳ ಒಳಪುಟದಲ್ಲಿ ‘ಡೆಮಿ 1/8’ ಎಂಬ ಮಾತನ್ನು ನೀವು ನೋಡಿರುತ್ತೀರಿ. ಡೆಮಿ ಎಂಬ ಅಳತೆಯ ಹಾಳೆಯನ್ನು ಎಂಟು ಎಲೆಗಳಾಗುವಂತೆ ಮಡಿಸಿ ಕತ್ತರಿಸಿದಾಗ ಸಿಗುವ ಗಾತ್ರವದು. ಅಂಚು ಕತ್ತರಿಸಿದ ಮೇಲೆ ಸುಮಾರು 5.5 ಅಂಗುಲ ಅಗಲ, 8.5 ಅಂಗುಲ ಎತ್ತರ ಉಳಿಯುತ್ತದೆ. ಕವಿತೆಗೆ ಇದು ಒಳ್ಳೆಯ ಆಕಾರ. ಇದಕ್ಕಿಂತ ಚಿಕ್ಕದಾದ ಕ್ರೌನ್ 1/8 ಗಾತ್ರ ಕೈಗೆ ಹಿತವಾದರೂ ಉದ್ದ ಸಾಲಿನ ಪದ್ಯಗಳಿಗೆ ಒಗ್ಗುವುದಿಲ್ಲ. ನಿಮ್ಮ ಸಂಗ್ರಹದ ಅತ್ಯಂತ ಉದ್ದದ ಸಾಲನ್ನು ಬೇಕಾದ ಅಕ್ಷರಗಾತ್ರದಲ್ಲಿ ಅಚ್ಚು ತೆಗೆದು ಅಳೆಯಿರಿ, ಆಕಾರವನ್ನು ಅದರ ಮೇಲೆ ತೀರ್ಮಾನಿಸಿ.

ಕಾಗದದ ತೂಕವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಸಾಮಾನ್ಯ ಕನ್ನಡ ಪುಸ್ತಕಗಳಿಗೆ 70 ಜಿಎಸ್‌ಎಂ ಮ್ಯಾಪ್‌ಲಿಥೋ ಎಂಬ ಹೊಳಪಿಲ್ಲದ ಬಿಳಿ ಕಾಗದ ಬಳಸುವುದು ರೂಢಿ. ಅದರಲ್ಲಿ ಹಿಂದಿನ ಪುಟದ ಅಕ್ಷರಗಳು ಮುಂದಕ್ಕೆ ಇಣುಕುತ್ತವೆ. ಗದ್ಯದಲ್ಲಿ ಸಾಲುಗಳು ಒಂದರ ಹಿಂದೊಂದು ಬರುವುದರಿಂದ ಅದು ಅಷ್ಟಾಗಿ ಕಾಣದು, ಆದರೆ ಬಿಳಿ ಜಾಗವೇ ಹೆಚ್ಚಿರುವ ಕವಿತೆಯ ಪುಟದಲ್ಲಿ ಆ ನೆರಳು ಕಣ್ಣಿಗೆ ಚುಚ್ಚುತ್ತದೆ. 100ರಿಂದ 120 ಜಿಎಸ್‌ಎಂನ, ಹೊಳಪಿಲ್ಲದ, ತುಸು ಕೆನೆಬಣ್ಣದ ಕಾಗದವನ್ನು ಆರಿಸಿ. ಆರ್ಟ್ ಪೇಪರ್ ಎಂದು ಕರೆಯುವ ಹೊಳಪು ಕಾಗದ ಛಾಯಾಚಿತ್ರಗಳಿಗೆ ಸರಿ; ಕವಿತೆಗೆ ಬೇಡ, ದೀಪದ ಬೆಳಕು ಅದರಲ್ಲಿ ಪ್ರತಿಫಲಿಸಿ ಓದುವುದೇ ಕಷ್ಟವಾಗುತ್ತದೆ. ಬೆಂಗಳೂರಿನಲ್ಲಿರುವವರು ಸುಲ್ತಾನ್‌ಪೇಟೆಯ ಕಾಗದದ ಅಂಗಡಿಗಳಲ್ಲಿ ಮಾದರಿ ಹಾಳೆಗಳನ್ನು ಕೇಳಿ ತಂದು, ಒಂದೇ ಪುಟವನ್ನು ಎಲ್ಲದರ ಮೇಲೂ ಅಚ್ಚು ತೆಗೆದು ಹಗಲಿನ ಬೆಳಕಿನಲ್ಲಿ ಹೋಲಿಸಿ ನೋಡಬಹುದು.

ಹೆಚ್ಚಿನವರು ತಪ್ಪುವ ಜಾಗ ಇಲ್ಲಿದೆ. ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ಕಾರ್ಖಾನೆಯಲ್ಲಿ ಯಂತ್ರ ಸಾಗುವ ಕಡೆಗೆ ನಾರುಗಳು ಸಾಲಾಗಿ ನಿಲ್ಲುವುದರಿಂದ ಹಾಳೆ ಒಂದು ದಿಕ್ಕಿನಲ್ಲಿ ಸುಲಭವಾಗಿ ಬಾಗುತ್ತದೆ, ಇನ್ನೊಂದರಲ್ಲಿ ಎದುರು ನಿಲ್ಲುತ್ತದೆ. ಪುಸ್ತಕದಲ್ಲಿ ನಾರಿನ ದಿಕ್ಕು ಬೆನ್ನಿಗೆ ಸಮಾನಾಂತರವಾಗಿರಲೇಬೇಕು. ಅಡ್ಡವಾಗಿದ್ದರೆ ಪುಟಗಳು ತೆರೆದು ಕೂರುವುದಿಲ್ಲ, ಮಡಿಕೆಯಲ್ಲಿ ಬಿರುಕು ಬಿಡುತ್ತವೆ, ಮಳೆಗಾಲದಲ್ಲಿ ಬೆನ್ನಿನ ಉದ್ದಕ್ಕೂ ಅಲೆಅಲೆಯಾಗುತ್ತವೆ. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿದರೆ ದಿಕ್ಕು ತಿಳಿಯುತ್ತದೆ. ಡಿಜಿಟಲ್ ಮುದ್ರಣದ 12×18 ಅಂಗುಲದ ಹಾಳೆಯಲ್ಲಿ ಡೆಮಿ 1/8ರ ಎರಡು ಜೋಡಿಪುಟಗಳು ಒಂದರ ಕೆಳಗೊಂದು ಕೂರುತ್ತವೆ. ಮಡಿಕೆ 18 ಅಂಗುಲದ ಬದಿಗೆ ಸಮಾನಾಂತರವಾಗಿ ಬರುವುದರಿಂದ, ನಾರು ಉದ್ದದ ಬದಿಗಿರುವ ಹಾಳೆಯನ್ನೇ ಕೇಳಿ ಪಡೆಯಿರಿ.

4. ಅಕ್ಷರಶೈಲಿಯ ಆಯ್ಕೆ

ಮುಕ್ತ ಪರವಾನಗಿಯಲ್ಲಿ ಸಿಗುವ ಕನ್ನಡ ಫಾಂಟುಗಳಲ್ಲಿ ಪುಸ್ತಕದ ಒಳಪುಟಕ್ಕೆ ನಾನು ಮೊದಲು ಹೆಸರಿಸುವುದು ಟೈರೋ ಕನ್ನಡವನ್ನು. ಭಾರತದ ಪ್ರಾಚೀನ ಕೃತಿಗಳನ್ನು ಇಂಗ್ಲಿಷ್ ಅನುವಾದದೊಡನೆ ಹೊರತರುವ ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗಾಗಿ ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್ ಮಾಡಿಸಿದ ಅಕ್ಷರಗಳಿಂದ ಬಂದ ಫಾಂಟ್ ಇದು. ದಪ್ಪ ಮತ್ತು ತೆಳು ಗೆರೆಗಳ ಏರಿಳಿತ ಇದರಲ್ಲಿ ಚೆನ್ನಾಗಿದೆ. ಆದರೆ ಇದಕ್ಕೆ ದಪ್ಪ ರೂಪವಿಲ್ಲ. ಹಲವು ತೂಕಗಳು (ಗೆರೆಯ ದಪ್ಪದ ಹಂತಗಳು) ಬೇಕಿದ್ದರೆ ನೋಟೋ ಸೆರಿಫ್ ಕನ್ನಡ ಇದೆ. ಶೀರ್ಷಿಕೆಗೆ ಮತ್ತು ಅಕ್ಷರದಿಂದಲೇ ಭಾವ ಮೂಡಿಸಬೇಕಾದ ಕಡೆಗೆ ಏಕ್ ಟೈಪ್ ಸಂಸ್ಥೆಯ ಅನೇಕ್ ಕನ್ನಡ ಉಪಯುಕ್ತ. ಅದರಲ್ಲಿ ತೂಕವಷ್ಟೇ ಅಲ್ಲದೆ ಅಗಲವನ್ನೂ ಬದಲಿಸಬಹುದು, ಅಂದರೆ ಅದೇ ಅಕ್ಷರ ಇಕ್ಕಟ್ಟಾಗಿಯೂ ವಿಶಾಲವಾಗಿಯೂ ಸಿಗುತ್ತದೆ. ಒಂದು ಪುಸ್ತಕಕ್ಕೆ ಎರಡು ಫಾಂಟು ಸಾಕು. ಮೂರನೆಯದು ಬೇಕೆನಿಸಿದರೆ ವಿನ್ಯಾಸದಲ್ಲಿ ಬೇರೆಲ್ಲೋ ತೊಡಕಿದೆ ಎಂದರ್ಥ.

ಆಯ್ಕೆಯನ್ನು ಪರದೆಯ ಮೇಲೆ ಮಾಡಬೇಡಿ. ಒಂದು ಪರೀಕ್ಷಾ ಹಾಳೆ ತಯಾರಿಸಿ, ನೀವು ಆರಿಸಿದ ಕಾಗದದ ಮೇಲೆಯೇ 11, 12 ಮತ್ತು 13 ಪಾಯಿಂಟಿನಲ್ಲಿ ಅಚ್ಚು ತೆಗೆಯಿರಿ. ಪಾಯಿಂಟ್ ಎಂದರೆ ಅಂಗುಲದ 72ನೆಯ ಒಂದು ಭಾಗ. ಎಲ್ಲ ಫಾಂಟುಗಳೂ ಒಂದೇ ಪಾಯಿಂಟಿನಲ್ಲಿ ಒಂದೇ ದೊಡ್ಡದಾಗಿ ಕಾಣುವುದಿಲ್ಲ. ಆ ಹಾಳೆಯಲ್ಲಿ ಈ ಕೆಳಗಿನವು ಇರಲಿ: ದ–ಧ, ಪ–ಫ, ಡ–ಢ ಜೋಡಿಗಳು, ಏಕೆಂದರೆ ಇವುಗಳ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳಿನಲ್ಲಿದೆ, ಮಸಿ ಹೆಚ್ಚಾದರೆ ಸೀಳು ಮುಚ್ಚಿಹೋಗುತ್ತದೆ; ಒಂದರಂತೊಂದು ಕಾಣುವ ಮ ಮತ್ತು ವು; ಹಾಗೆಯೇ ವ, ಪ ಮತ್ತು ಷ; ಠದ ಒಳಗಿನ ಚುಕ್ಕೆ; ರಾಷ್ಟ್ರ, ಸ್ತ್ರೀ, ವಾತ್ಸಲ್ಯ, ಲಕ್ಷ್ಮಿ ಮೊದಲಾದ ಪದಗಳು; ಹಳಗನ್ನಡದ ಪದ್ಯಗಳಿದ್ದರೆ ಱ ಮತ್ತು ೞ. ಈ ಎರಡು ಅಕ್ಷರಗಳು ಇಲ್ಲದ ಫಾಂಟಿನಲ್ಲಿ ಅವುಗಳ ಜಾಗದಲ್ಲಿ ಖಾಲಿ ಚೌಕ ಬರುತ್ತದೆ, ಅಥವಾ ತಂತ್ರಾಂಶ ಸದ್ದಿಲ್ಲದೆ ಬೇರೊಂದು ಫಾಂಟಿನ ಅಕ್ಷರವನ್ನು ತಂದು ಕೂರಿಸುತ್ತದೆ. ಎರಡನೆಯದು ಹೆಚ್ಚು ಅಪಾಯಕರ, ಏಕೆಂದರೆ ಅಚ್ಚಾಗುವವರೆಗೂ ಗಮನಕ್ಕೆ ಬರುವುದಿಲ್ಲ.

5. ಪುಟದ ಚೌಕಟ್ಟು ಮತ್ತು ಸಾಲಂತರ

ಸಾಲಂತರ ಎಂದರೆ ಒಂದು ಸಾಲಿನ ತಳದಿಂದ ಮುಂದಿನ ಸಾಲಿನ ತಳದವರೆಗಿನ ದೂರ. ಕನ್ನಡಕ್ಕೆ ಅಕ್ಷರಗಾತ್ರದ ಒಂದೂವರೆ ಪಟ್ಟು ಕನಿಷ್ಠವೆಂದು ಇಟ್ಟುಕೊಳ್ಳಿ. 12 ಪಾಯಿಂಟಿಗೆ 18 ಅಥವಾ 19. ಇದಕ್ಕಿಂತ ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗುಲುತ್ತದೆ. ಸಾಲಂತರವನ್ನು ತಂತ್ರಾಂಶವೇ ತೀರ್ಮಾನಿಸುವ ‘ಆಟೋ’ ವ್ಯವಸ್ಥೆಯನ್ನು ತಪ್ಪದೆ ತೆಗೆದುಹಾಕಿ, ನಿಶ್ಚಿತ ಸಂಖ್ಯೆಯನ್ನೇ ಕೊಡಿ. ಎದುರುಬದುರು ಪುಟಗಳ ಸಾಲುಗಳು ಒಂದೇ ಮಟ್ಟದಲ್ಲಿ ನಿಲ್ಲುವಂತೆಯೂ ನೋಡಿಕೊಳ್ಳಿ.

ಅಂಚುಗಳನ್ನು ಉದಾರವಾಗಿ ಬಿಡಿ. ಡೆಮಿ 1/8ರಲ್ಲಿ ಹೊಲಿದ ಪುಸ್ತಕಕ್ಕೆ ಒಳಗೆ 18, ಮೇಲೆ 20, ಹೊರಗೆ 22, ಕೆಳಗೆ 28 ಮಿಲಿಮೀಟರ್ ಇಟ್ಟು ಆರಂಭಿಸಬಹುದು. ಕವಿತೆಗಳನ್ನು ಒಂದೊಂದನ್ನೂ ಪುಟದ ನಡುವಿಗೆ ಸರಿಸುವ ಅಭ್ಯಾಸ ನಮ್ಮಲ್ಲಿ ಬಹಳವಿದೆ. ಅದರಿಂದ ಪುಟ ತಿರುವಿದಂತೆಲ್ಲ ಸಾಲಿನ ಆರಂಭ ಅತ್ತಿತ್ತ ಜಿಗಿಯುತ್ತದೆ. ಇಡೀ ಪುಸ್ತಕಕ್ಕೆ ಎಡಗಡೆಯ ಒಂದೇ ಗೆರೆಯನ್ನು ನಿಗದಿ ಮಾಡಿ, ಸಾಮಾನ್ಯ ಉದ್ದದ ಸಾಲು ಪುಟದಲ್ಲಿ ಸಮತೂಕವಾಗಿ ಕಾಣುವ ಕಡೆ ಆ ಗೆರೆಯನ್ನು ಇರಿಸಿ. ಸಾಲುಗಳನ್ನು ಎರಡೂ ಅಂಚಿಗೆ ಎಳೆದು ಸಮ ಮಾಡುವ ಕ್ರಮ ಪದ್ಯಕ್ಕಂತೂ ಬೇಡ. ಸಂಧಿ ಸಮಾಸಗಳಿಂದ ಪದಗಳು ಉದ್ದವಾಗುವ ಕನ್ನಡದಲ್ಲಿ ಪೀಠಿಕೆಯ ಗದ್ಯಕ್ಕೂ ಅದು ಪದಗಳ ನಡುವೆ ಕಂದಕಗಳನ್ನು ತೋಡುತ್ತದೆ.

ಒಂದು ಪುಟಕ್ಕೆ ಮೀರಿದ ಕವಿತೆ ಎಡಪುಟದಲ್ಲಿ ಆರಂಭವಾದರೆ ಪುಟ ತಿರುವದೆ ಪೂರ್ತಿ ಓದಬಹುದು. ಅದಕ್ಕಾಗಿ ಬಲಪುಟವೊಂದು ಖಾಲಿ ಉಳಿದರೂ ಚಿಂತೆಯಿಲ್ಲ. ಪುಟಸಂಖ್ಯೆಗೆ ಕನ್ನಡ ಅಂಕಿಗಳನ್ನು ಬಳಸಿದರೆ ಅವು ಅಕ್ಷರಗಳ ಜೊತೆ ಹೊಂದಿಕೊಂಡು ಕೂರುತ್ತವೆ.

6. ಭಾವಕ್ಕೆ ತಕ್ಕಂತೆ ಅಕ್ಷರಗಳನ್ನು ನಿಲ್ಲಿಸುವುದು

ಅಭಿವ್ಯಕ್ತಿಶೀಲ ಅಕ್ಷರವಿನ್ಯಾಸ ಎಂದರೆ ಅಕ್ಷರಗಳ ಗಾತ್ರ, ತೂಕ, ಬಣ್ಣ, ಸ್ಥಾನ ಮತ್ತು ಸುತ್ತಲಿನ ಬಿಳಿ ಜಾಗಗಳಿಂದ ಕವಿತೆಯ ದನಿಯನ್ನು ಕಣ್ಣಿಗೆ ಕಾಣಿಸುವುದು. ಕನ್ನಡದಲ್ಲಿ ಇದಕ್ಕೆ ಒಂದು ಮೂಲನಿಯಮವಿದೆ: ಅಕ್ಷರವನ್ನು ಒಡೆಯಬಾರದು. ‘ಮಳೆ’ ಎಂಬ ಪದವನ್ನು ಮೇಲಿನಿಂದ ಕೆಳಗೆ ಬೀಳುವಂತೆ ಜೋಡಿಸಬೇಕಾದರೆ ಅದು ಮ, ಳೆ ಎಂದು ಎರಡು ತುಂಡಾಗುತ್ತದೆ. ‘ಸ್ತ್ರೀ’ ಎಂಬುದು ಒಂದೇ ತುಂಡು. ‘ಸೂರ್ಯ’ದಲ್ಲಿ ಸೂ ಮತ್ತು ರ್ಯ ಎಂಬ ಎರಡೇ ಭಾಗಗಳು. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಸೌಲಭ್ಯವನ್ನು ತಂತ್ರಾಂಶದಲ್ಲಿ ಬಳಸಿದರೆ, ಅದು ಅನೇಕ ವೇಳೆ ‘ಕೋ’ ಎಂಬಲ್ಲಿ ಕಕಾರವನ್ನೂ ಕೊಂಬನ್ನೂ ದೀರ್ಘವನ್ನೂ ಬೇರೆಬೇರೆ ಎಳೆದು ನಿಲ್ಲಿಸುತ್ತದೆ. ಅಂತರ ಬೇಕಾದ ಪದಗಳಲ್ಲಿ ಪ್ರತಿ ಪೂರ್ಣಾಕ್ಷರದ ನಂತರ ನೀವೇ ತೆಳುವಾದ ಬಿಡುವನ್ನು ಕೈಯಿಂದ ಹಾಕುವುದು ಸುರಕ್ಷಿತ.

ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ, ಓರೆ ಅಕ್ಷರಗಳ ಸಂಪ್ರದಾಯವೂ ಇಲ್ಲ. ತಂತ್ರಾಂಶದ ‘ಇಟ್ಯಾಲಿಕ್’ ಗುಂಡಿ ಒತ್ತಿದರೆ ಅದು ಅಕ್ಷರವನ್ನು ಯಾಂತ್ರಿಕವಾಗಿ ವಾಲಿಸುತ್ತದೆ, ದುಂಡು ತಿರುವುಗಳೆಲ್ಲ ಕೆಡುತ್ತವೆ. ದಪ್ಪ ರೂಪವಿಲ್ಲದ ಫಾಂಟಿಗೆ ‘ಬೋಲ್ಡ್’ ಒತ್ತಿದರೂ ಇದೇ ಗತಿ. ಒತ್ತು ಕೊಡಲು ನಮಗಿರುವ ನಿಜವಾದ ಸಾಧನಗಳು ಬಿಡುವು, ತೂಕ, ಎರಡನೆಯ ಬಣ್ಣ ಮತ್ತು ಅಗಲ. ಇಬ್ಬರ ಸಂವಾದವಿರುವ ಪದ್ಯದಲ್ಲಿ ಒಬ್ಬರ ಮಾತನ್ನು ಎಡಗೆರೆಯಲ್ಲಿಯೂ ಇನ್ನೊಬ್ಬರ ಮಾತನ್ನು ಅದರಿಂದ ನಿಶ್ಚಿತ ದೂರದ ಎರಡನೆಯ ಗೆರೆಯಲ್ಲಿಯೂ ನಿಲ್ಲಿಸಿದರೆ ಹೆಸರುಗಳನ್ನೇ ಹಾಕಬೇಕಾಗುವುದಿಲ್ಲ. ಪಲ್ಲವಿಯನ್ನು ಮೊದಲ ಬಾರಿ ಪೂರ್ತಿ ಮಸಿಯಲ್ಲಿ, ಅದು ಮತ್ತೆ ಬಂದಾಗಲೆಲ್ಲ ತೆಳುವಾದ ತೂಕದಲ್ಲಿ ಅಚ್ಚು ಮಾಡಿದರೆ ಹಾಡಿನಲ್ಲಿ ಹಿಮ್ಮೇಳ ಕೇಳುವ ಅನುಭವ ಪುಟದ ಮೇಲೆ ಬರುತ್ತದೆ. ದನಿ ಇಳಿಯುವ ಕಡೆ ಗಾತ್ರ ಕಿರಿದು ಮಾಡುವ ಬದಲು ಸುತ್ತಲಿನ ಬಿಳಿ ಜಾಗವನ್ನು ಹೆಚ್ಚಿಸಿ ನೋಡಿ. ಬಹುತೇಕ ಸಲ ಅದೇ ಮೇಲೆನಿಸುತ್ತದೆ.

ಛಂದಸ್ಸಿರುವ ಪದ್ಯಗಳಲ್ಲಿ ಆಕಾರ ಆಗಲೇ ಒಳಗಿದೆ, ಅದನ್ನು ಹೊರಗೆ ಕಾಣಿಸುವುದಷ್ಟೇ ನಿಮ್ಮ ಕೆಲಸ. ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೆಯ ಸಾಲುಗಳಿಗೆ 14 ಮಾತ್ರೆಗಳು, 3 ಮತ್ತು 6ನೆಯವಕ್ಕೆ 23 ಮಾತ್ರೆಗಳು. ಆರೂ ಸಾಲುಗಳನ್ನು ಒಂದೇ ಎಡಗೆರೆಯಿಂದ ಆರಂಭಿಸಿದರೆ ಎರಡು ಗಿಡ್ಡ ಸಾಲು, ಒಂದು ನೀಳ ಸಾಲು ಎಂಬ ಲಯ ಬಲಗಡೆಯ ಅಂಚಿನಲ್ಲಿ ತಾನಾಗಿ ಮೂಡುತ್ತದೆ. ಅಷ್ಟೇ ಅಲ್ಲ, ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಬರುವ ಪ್ರಾಸ ಎಡಗಡೆ ಒಂದರ ಕೆಳಗೊಂದು ಕಂಬವಾಗಿ ನಿಲ್ಲುತ್ತದೆ. ಉದ್ದ ಸಾಲುಗಳನ್ನು ಒಳಸರಿಸುವ ರೂಢಿ ಕೆಲವು ಪುಸ್ತಕಗಳಲ್ಲಿದೆ; ಅದು ಈ ಕಂಬವನ್ನು ಕೆಡಿಸುವುದರಿಂದ ನನಗೆ ಸರಿಯೆನಿಸುವುದಿಲ್ಲ. ಪ್ರಾಸದ ಅಕ್ಷರಗಳಿಗೆ ಮಾತ್ರ ಕುಂಕುಮ ಬಣ್ಣ ಕೊಟ್ಟು ಒಂದು ಪುಟ ಅಚ್ಚು ತೆಗೆದು ನೋಡಿದರೆ, ಛಂದಸ್ಸು ಓದದವರಿಗೂ ಪದ್ಯದ ಕಟ್ಟಡ ಕಾಣುತ್ತದೆ. ವಾರ್ಧಕ ಷಟ್ಪದಿಯಲ್ಲಿ ನೀಳ ಸಾಲು 32 ಮಾತ್ರೆಗಳಷ್ಟಾಗುವುದರಿಂದ ಡೆಮಿ 1/8ರ ಅಗಲ ಸಾಲದೆ ಹೋಗಬಹುದು. ಆಗ ಅಕ್ಷರವನ್ನು ಇಕ್ಕಟ್ಟು ಮಾಡದೆ, ಉಳಿದ ಪದಗಳನ್ನು ಮುಂದಿನ ಸಾಲಿನಲ್ಲಿ ಸಾಕಷ್ಟು ಒಳಸರಿಸಿ ಇರಿಸಿ. ಅದು ಹೊಸ ಸಾಲಲ್ಲ, ಹಿಂದಿನದರ ಮುಂದುವರಿಕೆ ಎಂದು ಓದುಗರಿಗೆ ತಿಳಿಯುವಷ್ಟು ಒಳಸರಿತ ಇರಬೇಕು. ಗೋವಿಂದ ಪೈಗಳು 1911ರಲ್ಲಿ ಪ್ರಾಸವನ್ನು ಬಿಟ್ಟು ಬರೆಯಲು ಆರಂಭಿಸಿದ ಮೇಲಿನ ಹೊಸಗನ್ನಡ ಕವಿತೆಗಳಲ್ಲಿ ಈ ಕಂಬವಿಲ್ಲ. ಅಲ್ಲಿ ಸಾಲಿನ ಕೊನೆ, ಚರಣದ ನಡುವಿನ ಬಿಡುವು ಇವೇ ಮುಖ್ಯವಾಗುತ್ತವೆ.

ಎಷ್ಟು ಪುಟಗಳಲ್ಲಿ ಇಂಥ ವಿಶೇಷ ವಿನ್ಯಾಸ ಮಾಡಬಹುದು ಎಂಬ ಪ್ರಶ್ನೆಯೂ ಬರುತ್ತದೆ. 64 ಪುಟಗಳಲ್ಲಿ ನಾಲ್ಕೈದು ಕಡೆ ಸಾಕೆಂದು ನನ್ನ ಅಭಿಪ್ರಾಯ. ಉಳಿದ ಪುಟಗಳು ಶಾಂತವಾಗಿದ್ದಾಗ ಮಾತ್ರ ಆ ನಾಲ್ಕೈದು ಮಾತಾಡುತ್ತವೆ. ವಿನ್ಯಾಸ ಮುಗಿದ ಮೇಲೆ ಆ ಪುಟಗಳನ್ನು ಕವಿತೆಯ ಪರಿಚಯವಿಲ್ಲದವರೊಬ್ಬರಿಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಅವರು ಸಾಲುಗಳ ಅನುಕ್ರಮ ತಪ್ಪಿದರೆ ವಿನ್ಯಾಸವನ್ನು ಸರಳಗೊಳಿಸಬೇಕು.

7. ಡಮ್ಮಿ ಮತ್ತು ಕರಡು

ಡಮ್ಮಿ ಎಂದರೆ ಅದೇ ಕಾಗದ, ಅದೇ ಗಾತ್ರ, ಅಷ್ಟೇ ಪುಟಗಳಲ್ಲಿ ಕೈಯಿಂದ ಕಟ್ಟಿದ ಮಾದರಿ ಪುಸ್ತಕ. ಹೊಲಿದ ಪುಸ್ತಕದ ಪುಟಗಳು 16ರ ಗುಣಕದಲ್ಲಿರಲಿ. ಹದಿನಾರು ಪುಟಗಳ ಒಂದು ಮಡಿಕೆಯನ್ನು ಮುದ್ರಕರು ಫಾರಂ ಎನ್ನುತ್ತಾರೆ, ಹಾಗಾಗಿ ನಮ್ಮದು ನಾಲ್ಕು ಫಾರಮುಗಳ ಪುಸ್ತಕ. ಬೆನ್ನಿನ ದಪ್ಪವನ್ನು ಲೆಕ್ಕದಿಂದ ಊಹಿಸದೆ ಡಮ್ಮಿಯನ್ನು ಒತ್ತಿ ಹಿಡಿದು ಅಳೆಯಿರಿ. 64 ಪುಟಗಳಿಗೆ ಅದು ನಾಲ್ಕು ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ, ಬೆನ್ನಿನ ಮೇಲೆ ಶೀರ್ಷಿಕೆ ಹಾಕಲು ಜಾಗ ಬಹಳ ಕಡಿಮೆ. ಕರಡನ್ನು ಇಬ್ಬರು ಬೇರೆಬೇರೆಯಾಗಿ ತಿದ್ದಲಿ, ಒಬ್ಬರು ಓದುತ್ತಾ ಇನ್ನೊಬ್ಬರು ಮೂಲ ನೋಡುತ್ತಾ ಒಂದು ಸುತ್ತು ಆಗಲಿ. ಮುದ್ರಣಕ್ಕೆ ಕೊಡುವ ಪಿಡಿಎಫ್‌ನಿಂದ ತೆಗೆದ ಕರಡನ್ನೇ ತಿದ್ದಬೇಕು; ವರ್ಡ್ ಕಡತದಲ್ಲಿ ಸರಿಯಿದ್ದ ಒತ್ತಕ್ಷರ ಪಿಡಿಎಫ್‌ನಲ್ಲಿ ಕೆಟ್ಟಿರುವುದುಂಟು.

8. ಅಚ್ಚಿನ ವಿಧಾನ

ನೂರು ಪ್ರತಿಗಳಿಗೆ ಡಿಜಿಟಲ್ ಮುದ್ರಣ, ಐನೂರರ ಹತ್ತಿರವಾದರೆ ಪ್ಲೇಟುಗಳನ್ನು ಮಾಡಿ ಅಚ್ಚು ಹಾಕುವ ಆಫ್‌ಸೆಟ್ ಲಾಭಕರ. ಎರಡರಲ್ಲಿಯೂ ಒಂದು ಎಚ್ಚರಿಕೆ: ಅಕ್ಷರಗಳು ಕಪ್ಪು ಮಸಿಯೊಂದರಿಂದಲೇ ಅಚ್ಚಾಗಬೇಕು. ವರ್ಡ್‌ನಿಂದ ನೇರವಾಗಿ ಮಾಡಿದ ಪಿಡಿಎಫ್‌ನಲ್ಲಿ ಕಪ್ಪು ಬಣ್ಣ ನಾಲ್ಕು ಮಸಿಗಳ ಮಿಶ್ರಣವಾಗಿ ಬದಲಾಗಿ, ನಾಲ್ಕೂ ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಒತ್ತಕ್ಷರಗಳ ಸುತ್ತ ಬಣ್ಣದ ಅಂಚು ಕಾಣುತ್ತದೆ. ಎರಡನೆಯ ಬಣ್ಣವನ್ನು ಬಳಸುವುದಾದರೆ ಆಫ್‌ಸೆಟ್‌ನಲ್ಲಿ ಅದನ್ನು ಪ್ರತ್ಯೇಕ ಮಸಿಯಾಗಿಯೇ ಬೆರೆಸಿಕೊಡಲು ಹೇಳಿ.

ಮುಖಪುಟಕ್ಕೆ ಮತ್ತು ವಿಶೇಷ ಪುಟಗಳಿಗೆ ಸ್ಕ್ರೀನ್ ಪ್ರಿಂಟಿಂಗ್ ಒಳ್ಳೆಯ ದಾರಿ. ನೇಯ್ದ ಜಾಲರಿಯ ಮೂಲಕ ಮಸಿಯನ್ನು ತಳ್ಳುವ ಈ ವಿಧಾನ ನಮ್ಮ ಊರುಗಳಲ್ಲಿ ಲಗ್ನಪತ್ರಿಕೆ ಅಚ್ಚು ಮಾಡುವವರ ಬಳಿ ಇದೆ. ಚೆನ್ನೈನ ತಾರಾ ಬುಕ್ಸ್ ಕೈಕಾಗದದ ಮೇಲೆ ಇಡೀ ಪುಸ್ತಕಗಳನ್ನೇ ಹೀಗೆ ಮಾಡಿ ಜಗತ್ತಿಗೆ ತೋರಿಸಿದೆ. ಮಸಿ ದಪ್ಪವಾಗಿ ಕೂರುವುದರಿಂದ ಗಾಢ ಬಣ್ಣದ ಕಾಗದದ ಮೇಲೂ ತಿಳಿ ಅಕ್ಷರ ಮೂಡುತ್ತದೆ. ಆದರೆ 14 ಪಾಯಿಂಟಿಗಿಂತ ಕಿರಿದಾದ ಕನ್ನಡ ಅಕ್ಷರವನ್ನು ಇದರಲ್ಲಿ ಮಾಡಿಸಬೇಡಿ, ಒತ್ತುಗಳ ಒಳಗಿನ ಕಿಂಡಿಗಳು ಮುಚ್ಚಿಹೋಗುತ್ತವೆ.

ಸೀಸದ ಅಚ್ಚುಮೊಳೆಗಳಿಂದ ಮಾಡಿಸಬಹುದೇ ಎಂದು ಹಲವರು ಕೇಳುತ್ತಾರೆ. ಕನ್ನಡದ ಪೂರ್ತಿ ಮೊಳೆಪೆಟ್ಟಿಗೆ ಇಂದು ಸಿಗುವುದು ಕಷ್ಟ; ಗುಣಿತ, ಒತ್ತುಗಳೆಲ್ಲ ಸೇರಿ ನೂರಾರು ಬಗೆಯ ಮೊಳೆಗಳು ಬೇಕು, ಸವೆದವು ಸೇರಿಕೊಂಡರೆ ಸಾಲು ಏರುಪೇರಾಗುತ್ತದೆ. ಅದರ ಬದಲು ನಿಮ್ಮ ವಿನ್ಯಾಸದಿಂದ ಪಾಲಿಮರ್ ಪ್ಲೇಟ್ (ಅಕ್ಷರಗಳು ಉಬ್ಬಿ ನಿಂತಿರುವ ಪ್ಲಾಸ್ಟಿಕ್ ಅಚ್ಚು) ಮಾಡಿಸಿ ಟ್ರೆಡಲ್ ಎಂಬ ಚಿಕ್ಕ ಅಚ್ಚುಯಂತ್ರದಲ್ಲಿ ಒತ್ತಿಸಬಹುದು. ಹಳೆಯ ಅಚ್ಚುಕೂಟಗಳಲ್ಲಿ ಬಿಲ್‌ಬುಕ್ಕಿನ ನಂಬರು, ಮಡಿಕೆಗೆರೆ ಹಾಕಲು ಟ್ರೆಡಲ್‌ಗಳು ಇನ್ನೂ ಓಡುತ್ತಿವೆ. ಮುಖಪುಟದ ಶೀರ್ಷಿಕೆಯೊಂದನ್ನೇ ಹಾಗೆ ಒತ್ತಿಸಿದರೂ ಬೆರಳಿಗೆ ತಾಕುವ ತಗ್ಗು ಕಾಗದದಲ್ಲಿ ಉಳಿಯುತ್ತದೆ. ಪ್ಲೇಟಿನಲ್ಲಿ ಬಹಳ ತೆಳುವಾದ ಗೆರೆ ನಿಲ್ಲುವುದಿಲ್ಲವಾದ್ದರಿಂದ ತೆಳು ತೂಕದ ಫಾಂಟುಗಳನ್ನು ಇದಕ್ಕೆ ಆರಿಸಬೇಡಿ.

9. ಹೊಲಿಗೆ ಮತ್ತು ಕಟ್ಟು

ಪರ್ಫೆಕ್ಟ್ ಬೈಂಡಿಂಗ್ ಎಂಬುದರಲ್ಲಿ ಬೆನ್ನನ್ನು ಕತ್ತರಿಸಿ ಬಿಸಿ ಅಂಟು ಹಾಕುತ್ತಾರೆ. ಅದು ಅಗ್ಗ, ಆದರೆ ಪುಸ್ತಕ ಮೇಜಿನ ಮೇಲೆ ತೆರೆದು ನಿಲ್ಲುವುದಿಲ್ಲ, ಕೆಲವು ವರ್ಷಗಳಲ್ಲಿ ಎಲೆಗಳು ಉದುರುತ್ತವೆ. ಫಾರಂ ಹೊಲಿಗೆಯನ್ನೇ ಮಾಡಿಸಿ, ಇಲ್ಲವೇ ನೀವೇ ಮಾಡಿ. ಪ್ರತಿ ಫಾರಮಿನ ಮಡಿಕೆಯಲ್ಲಿ ಸಮ ದೂರದಲ್ಲಿ ರಂಧ್ರಗಳನ್ನು ಚುಚ್ಚಿ, ಜೇನುಮೇಣ ಸವರಿದ ದಾರದಿಂದ ಒಳಗಿನಿಂದ ಹೊರಗೆ ಹೊಲಿಯುತ್ತಾ, ತುದಿಯಲ್ಲಿ ಹಿಂದಿನ ಫಾರಮಿಗೆ ಗಂಟು ಹಾಕಿ ಮುಂದಿನದಕ್ಕೆ ಹೋಗಬೇಕು. ದಾರವನ್ನು ಮಡಿಕೆಯ ಉದ್ದಕ್ಕೆ ಎಳೆದು ಬಿಗಿ ಮಾಡಿ; ನೇರವಾಗಿ ಮೇಲಕ್ಕೆ ಎಳೆದರೆ ಕಾಗದ ಹರಿಯುತ್ತದೆ.

ರಟ್ಟಿನ ಹೊದಿಕೆಗೆ ಬೈಂಡಿಂಗ್ ಬಟ್ಟೆಯ ಬದಲು ಖಾದಿಯನ್ನೋ ಗುಳೇದಗುಡ್ಡದ ಖಣವನ್ನೋ ಬಳಸಿದರೆ ಪುಸ್ತಕಕ್ಕೆ ಬೇರೆಯೇ ಕಳೆ ಬರುತ್ತದೆ. ಖಣವನ್ನು ಬೆನ್ನಿಗೆ ಮಾತ್ರ ಬಳಸಿ, ಬದಿಗಳಿಗೆ ಒಂದೇ ಬಣ್ಣದ ಕಾಗದ ಹಚ್ಚಿದರೆ ಒಪ್ಪುತ್ತದೆ. ಇಂಥ ನೇಯ್ಗೆಬಟ್ಟೆಯನ್ನು ನೇರವಾಗಿ ಅಂಟಿಸಿದರೆ ಅಂಟು ಎಳೆಗಳ ನಡುವಿನಿಂದ ಹೊರಬಂದು ಕಲೆಯಾಗುತ್ತದೆ. ಮೊದಲು ಬಟ್ಟೆಯ ಹಿಂಬದಿಗೆ ತೆಳುವಾದ ಕಾಗದವನ್ನು ಮೈದಾ ಗೋಂದಿನಿಂದ ಅಂಟಿಸಿ ಪೂರ್ತಿ ಒಣಗಿಸಿಕೊಳ್ಳಿ. ನಮ್ಮ ಬೈಂಡರುಗಳು ಹುಳು ಬಾರದಂತೆ ಗೋಂದಿಗೆ ಮೈಲುತುತ್ತ ಸೇರಿಸುತ್ತಾರೆ. ಅದು ವಿಷವಾದ್ದರಿಂದ ಅಡುಗೆಮನೆಯ ಪಾತ್ರೆಯಲ್ಲಿ ಕುದಿಸಬೇಡಿ, ಕೈಗವಸು ಹಾಕಿಕೊಳ್ಳಿ. ರಟ್ಟಿನ ನಾರೂ ಬೆನ್ನಿಗೆ ಸಮಾನಾಂತರವಾಗಿರಬೇಕು. ಕರಾವಳಿ ಮತ್ತು ಮಲೆನಾಡಿನವರು ಈ ಕೆಲಸವನ್ನು ಮಳೆಗಾಲದಲ್ಲಿ ಇಟ್ಟುಕೊಳ್ಳದಿರುವುದು ಉತ್ತಮ, ಗೋಂದು ಒಣಗದೆ ಬೂಷ್ಟು ಹಿಡಿಯುತ್ತದೆ, ರಟ್ಟು ಡೊಂಕಾಗುತ್ತದೆ. ಕಟ್ಟಿದ ಪುಸ್ತಕಗಳನ್ನು ಎರಡು ಹಲಗೆಗಳ ನಡುವೆ ತೂಕ ಹೇರಿ ಇಡೀ ರಾತ್ರಿ, ಸಾಧ್ಯವಾದರೆ ಎರಡು ದಿನ ಬಿಡಿ.

10. ಪುಷ್ಪಿಕೆ ಮತ್ತು ದಾಖಲೆ

ಮಾರಾಟ ಮಾಡುವುದಾದರೆ ಪುಸ್ತಕವನ್ನು ಜಗತ್ತಿನೆಲ್ಲೆಡೆ ಗುರುತಿಸಲು ಬಳಸುವ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಸಂಸ್ಥೆಯಿಂದ ಉಚಿತವಾಗಿ ಪಡೆಯಬಹುದು. ಆ ಸಂಖ್ಯೆಯ ಪಟ್ಟಿಗೆರೆಯನ್ನು (ಬಾರ್‌ಕೋಡ್) ಹಿಂಬದಿಯ ಹೊದಿಕೆಯ ಅಂದ ಕೆಡದಂತೆ ಒಳಗಿನ ರಕ್ಷಾಪುಟದ ಮಡಿಕೆಯಲ್ಲಿಯೂ ಇರಿಸಬಹುದು. ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ತಮ್ಮ ಹೆಸರು, ಬರೆದು ಮುಗಿಸಿದ ಕಾಲ, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂಬ ಕೋರಿಕೆ ಬರೆದಿಡುತ್ತಿದ್ದ ಭಾಗಕ್ಕೆ ಪುಷ್ಪಿಕೆ ಎಂದು ಹೆಸರು. ನಿಮ್ಮ ಪುಸ್ತಕದ ಕೊನೆಯ ಪುಟದಲ್ಲಿಯೂ ಫಾಂಟಿನ ಹೆಸರು ಮತ್ತು ಗಾತ್ರ, ಕಾಗದ, ಮಸಿ, ಅಚ್ಚು ಮಾಡಿದವರು, ಹೊಲಿದವರು, ಪ್ರತಿಗಳ ಸಂಖ್ಯೆ ಇಷ್ಟನ್ನು ಬರೆಯಿರಿ. ಕೈಕೆಲಸ ಮಾಡಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಪೂರ್ತಿಯಾಗಿ ಹಾಕಿ. ನಮ್ಮ ಪುಸ್ತಕಗಳಲ್ಲಿ ಬೈಂಡರಿನ ಹೆಸರು ಕಾಣುವುದೇ ಇಲ್ಲ.

ಮುದ್ರಣದ ಪಿಡಿಎಫ್, ಮೂಲ ವಿನ್ಯಾಸದ ಕಡತ ಮತ್ತು ಬಳಸಿದ ಫಾಂಟಿನ ಅದೇ ಆವೃತ್ತಿ ಮೂರನ್ನೂ ಒಂದೇ ಕಡೆ ಉಳಿಸಿಡಿ. ಫಾಂಟುಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಎರಡನೆಯ ಮುದ್ರಣದಲ್ಲಿ ಸಾಲುಗಳು ಬೇರೆಡೆ ಮುರಿಯಬಹುದು. ಉಳಿದ ಕಾಗದದಲ್ಲಿ ಹತ್ತಿಪ್ಪತ್ತು ಹಾಳೆಗಳನ್ನೂ, ಹೊದಿಕೆಯ ಬಟ್ಟೆಯ ಒಂದು ತುಂಡನ್ನೂ ತೆಗೆದಿಟ್ಟುಕೊಂಡರೆ ಮುಂದೆ ಯಾರದಾದರೂ ಪ್ರತಿ ಹರಿದಾಗ ಅದೇ ಸಾಮಗ್ರಿಯಿಂದ ದುರಸ್ತಿ ಮಾಡಿಕೊಡಲು ಬರುತ್ತದೆ.